ಮರಳು ಚೀಲದ ಜಾಗ

ನಮ್ಮ ಮನೆಯಲ್ಲಿ ಅಪ್ಪ ಬಿಗಿ ಮಾಡಿದ ಪ್ರತಿಯೊಂದು ನಟ್ಟಿನ ಮೇಲೂ ಒಂದು ಕೆಂಪು ಗೆರೆ ಇರುತ್ತಿತ್ತು. ಫ್ಯಾನಿನ ಕೊಕ್ಕೆಗೆ, ಮಿಕ್ಸಿಯ ತಳಕ್ಕೆ, ಅಮ್ಮನ ಹೊಲಿಗೆ ಯಂತ್ರಕ್ಕೆ, ಕೊನೆಗೆ ದೇವರ ಮನೆಯ ಗಂಟೆಗೂ. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದ. ಅಲ್ಲಿ ನಟ್ಟನ್ನು ಬಿಗಿ ಮಾಡಿ, ಪರೀಕ್ಷಿಸಿದ ಮೇಲೆ ನಟ್ಟಿನಿಂದ ಪಕ್ಕದ ತಗಡಿನವರೆಗೆ ಒಂದು ಕೆಂಪು ಗೆರೆ ಎಳೆಯುವುದು ಪದ್ಧತಿ. ಆಮೇಲೆ ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಮನೆಯಲ್ಲಿ ಆ ಬಣ್ಣ ಎಲ್ಲಿಂದ ಬರಬೇಕು? ನನ್ನ ಉಗುರುಬಣ್ಣದ ಸೀಸೆಯಿಂದ. ಕೆಂಪು ಉಗುರುಬಣ್ಣ ಹಚ್ಚಿಕೊಂಡು ಕಾಲೇಜಿಗೆ ಹೋದ ನೆನಪೇ ನನಗಿಲ್ಲ, ಆದರೆ ನಮ್ಮ ಮನೆಯ ಗ್ಯಾಸ್ ಒಲೆ ಮಾತ್ರ ಯಾವಾಗಲೂ ಅಲಂಕಾರ ಮಾಡಿಕೊಂಡೇ ಇರುತ್ತಿತ್ತು.

ನಾವಿದ್ದದ್ದು ಜೀವನ್ ಬಿಮಾ ನಗರದಲ್ಲಿ. ಆಗ ವಿಮಾನಗಳು ತಲೆಯ ಮೇಲೆಯೇ ಇಳಿಯುತ್ತಿದ್ದವು. ಕಿಟಕಿಯ ಗಾಜು ಗಡಗಡ ಎಂದಾಗ ಅಪ್ಪ ಬಾಯಿಗೆ ಹೋಗುತ್ತಿದ್ದ ಮುದ್ದೆಯನ್ನು ಕೈಯಲ್ಲೇ ಹಿಡಿದು, ತಲೆ ಓರೆ ಮಾಡಿ ಕೇಳುತ್ತಿದ್ದ. ಕಾರ್ಖಾನೆಯ ವಿಮಾನವಾದರೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. "ನಮ್ದೇ," ಎಂದು ಮತ್ತೆ ಮುದ್ದೆ ಮುರಿಯುತ್ತಿದ್ದ.

ಅಪ್ಪ ನಿವೃತ್ತನಾದ ದಿನ ಹಾರ, ಶಾಲು, ಒಂದು ಗೋಡೆ ಗಡಿಯಾರ ತಂದು ಮೇಜಿನ ಮೇಲಿಟ್ಟ. ಕಾಫಿ ಕುಡಿಯುತ್ತಾ ಒಂದು ಮಾತು ಹೇಳಿದ. ಅವನು ಪಾಸ್ ಮಾಡುತ್ತಿದ್ದದ್ದು ಎರಡು ಸೀಟಿನ ತರಬೇತಿ ವಿಮಾನಗಳನ್ನು. ಪರೀಕ್ಷೆಗೆಂದು ಹಾರಿಸುವಾಗ ಪೈಲಟ್ ಒಬ್ಬರೇ ಹೋಗುತ್ತಿದ್ದರಂತೆ, ಇನ್ನೊಂದು ಸೀಟಿಗೆ ತೂಕ ಸರಿದೂಗಿಸಲು ಮರಳು ಚೀಲ ಕಟ್ಟುತ್ತಿದ್ದರಂತೆ.

"ಇಷ್ಟ್ ವರ್ಷ ನಾನು ಪಾಸ್ ಮಾಡಿದ್ರಲ್ಲಿ ಒಂದ್ರಲ್ಲೂ ಕೂತಿಲ್ಲ ನೋಡು. ಮರಳ್ ಚೀಲಕ್ಕಿರೋ ಯೋಗ ನನಗಿಲ್ಲ," ಎಂದ.

ಹೇಳಿ ತಾನೇ ನಕ್ಕ. ಅಮ್ಮನೂ ನಕ್ಕಳು. ನನಗೆ ನಗು ಬರಲಿಲ್ಲ. ಕಾಫಿ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ನಾನು ಇಂದಿರಾನಗರದ ಒಂದು ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಿದ್ದೆ. ಸಂಬಳ ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೆ. ನೋಡಲು ಸಾಧು, ಒಳಗಿನ ಎಂಜಿನ್ ಮಾತ್ರ ಮಹಾ ಚುರುಕು. ಆ ಕಾರಿನ ಹುಚ್ಚಿದ್ದವರು ಬೆಂಗಳೂರಿನಲ್ಲಿ ಆಗ ಬಹಳ ಮಂದಿ, ಹೆಂಗಸರು ಕಡಿಮೆ. ಚೆನ್ನೈಗೆ ಸ್ವಲ್ಪ ಮುಂಚೆ ಸಿಗುವ ರೇಸ್ ಟ್ರ್ಯಾಕ್ ಅನ್ನು ಆಗಾಗ ಒಂದು ದಿನ ನಮ್ಮಂಥವರಿಗೆ ಬಿಟ್ಟುಕೊಡುತ್ತಾರೆ ಎಂದು ಕಚೇರಿಯ ಗೆಳೆಯನೊಬ್ಬ ಹೇಳಿದ. ಅದು ಪಂದ್ಯವಲ್ಲ, ಗೆಲ್ಲುವವರು ಸೋಲುವವರು ಇಲ್ಲ. ನಮ್ಮ ಕಾರು ತಂದು, ಎಮ್ಮೆ, ಆಟೊ, ಸ್ಪೀಡ್ ಬ್ರೇಕರ್ ಇಲ್ಲದ ರಸ್ತೆಯಲ್ಲಿ ಮನಸಾರೆ ಓಡಿಸಬಹುದು. ಕೊನೆಯ ಸರದಿಯಲ್ಲಿ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಲೂಬಹುದು.

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ತೀರ್ಮಾನಿಸಿಬಿಟ್ಟೆ. ಕಾರನ್ನು ಅಪ್ಪನೇ ತಯಾರು ಮಾಡಬೇಕು, ಅಪ್ಪನೇ ಪಾಸ್ ಮಾಡಬೇಕು, ಆಮೇಲೆ ಅಪ್ಪ ಅದರಲ್ಲಿ ಕೂರಬೇಕು. ಕಾರ್ಖಾನೆ ಕೊಡದ ಸೀಟನ್ನು ನಾನು ಕೊಡುತ್ತೇನೆ ಎಂಬ ಹಮ್ಮೂ ಇತ್ತು ಎನ್ನಿ. ಗುಟ್ಟನ್ನು ಅಮ್ಮನಿಗೊಬ್ಬಳಿಗೇ ಹೇಳಿದೆ. ಅಪ್ಪನಿಗೆ ಮೊದಲೇ ಹೇಳಿದರೆ ಬೇಡ ಎನ್ನುತ್ತಿದ್ದ. ತನಗಾಗಿ ಎರಡನೇ ಸಲ ಪಲ್ಯ ಕೇಳುವ ಅಭ್ಯಾಸವೂ ಇಲ್ಲದ ಮನುಷ್ಯ ಅವನು.

ಸಾಮಾನು ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆವು. ಅಲ್ಲಿನ ಗುಜರಿ ಗಲ್ಲಿಗಳಲ್ಲಿ ಒಂದು ವರ್ಕ್‌ಶಾಪ್ ಇಟ್ಟಿದ್ದವರನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಜೋರು ಬಾಯಿ, ಜೋರು ನಗು. ತಾನು ಮುಟ್ಟಿದ ಕಾರು ವಿಮಾನದ ಹಾಗೆ ಓಡುತ್ತದೆ ಎಂದು ಎಲ್ಲರಿಗೂ ಹೇಳುವ ರೂಢಿ ಅವರಿಗೆ. ಅಪ್ಪನ ಮುಂದೆಯೂ ಹೇಳಿದರು.

"ಯಾವ ವಿಮಾನ?" ಎಂದು ಅಪ್ಪ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ.

ಅಪ್ಪನ ಕೆಲಸ ಏನಿತ್ತೆಂದು ನಾನು ಹೇಳಿದ ಮೇಲೆ ಭಾಯ್ ಹಣೆ ಬಡಿದುಕೊಂಡು ನಕ್ಕು, ಹಾಲಿಲ್ಲದ ಸುಲೇಮಾನಿ ಚಹಾ ತರಿಸಿದರು. "ಸಾಬ್, ನೀವು ಮೇಲೆ ಹಾರೋದು ನೋಡಿದೋರು, ನಾವು ಕೆಳಗೆ ಓಡೋದು ನೋಡಿದೋರು. ಬೇಟಿ ಗಾಡಿನ ಇಬ್ಬರೂ ಸೇರಿ ಮಾಡೋಣ," ಎಂದರು.

ಅಂದಿನಿಂದ ಪ್ರತಿ ಭಾನುವಾರ ಭಾಯ್ ತಮ್ಮ ವ್ಯಾನಿನಲ್ಲಿ ನಮ್ಮ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ಹಾಜರು. ಮೊದಲು ಬ್ರೇಕು. ಹಳೆಯ ಬ್ರೇಕ್ ಆಯಿಲ್ ಬಸಿದು, ಬಿಸಿಗೆ ಬೇಗ ಕುದಿಯದ ಹೊಸದನ್ನು ತುಂಬಿದೆವು. ನಾನು ಒಳಗೆ ಕೂತು ಪೆಡಲ್ ಒತ್ತಬೇಕು, ಭಾಯ್ ಚಕ್ರದ ಹತ್ತಿರ ಕೂತು ಬ್ರೇಕಿನ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡಬೇಕು, ಅಪ್ಪ ನಡುವೆ ನಿಂತು "ಒತ್ತು, ಹಿಡ್ಕೋ, ಬಿಡು" ಎನ್ನಬೇಕು. ಒಂದು ಸಲ "ಬಿಡು" ಎನ್ನುವ ಹೊತ್ತಿಗೆ ಮೇಲೆ ವಿಮಾನ ಬಂತು. ಅಪ್ಪ ತಲೆ ಓರೆ ಮಾಡಿಕೊಂಡು ನಿಂತುಬಿಟ್ಟ. ನನ್ನ ಕಾಲು ಜೋಮು ಹಿಡಿಯಿತು. "ನಮ್ದೇ," ಎಂದ ಅಪ್ಪ, ಆಮೇಲೆ "ಬಿಡು" ಎಂದ.

ಸೈಲೆನ್ಸರ್ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿತು. ಗಾಡಿ ಬಂದರೆ ಹಲಸೂರಿನವರೆಗೆ ಕೇಳಬೇಕು ಎನ್ನುವುದು ಭಾಯ್ ವಾದ. ಕೇಳುವ ಸದ್ದೆಲ್ಲ ಪೋಲಾದ ಶಕ್ತಿ ಎನ್ನುವುದು ಅಪ್ಪನ ವಾದ. ಎದುರು ಮನೆಯ ವಿಮಾ ಕಂಪನಿಯ ನಿವೃತ್ತ ಅಧಿಕಾರಿಯೊಬ್ಬರು ಪೇಪರ್ ಹಿಡಿದುಕೊಂಡು ಬಂದು, "ಏನ್ರೀ ಇದು, ಭಾನುವಾರವೂ ನಿದ್ದೆ ಮಾಡೋ ಹಾಗಿಲ್ವಾ?" ಎಂದು ಗದರಿದ ಮೇಲೆ ಅಪ್ಪನೇ ಗೆದ್ದ. ಆ ಅಧಿಕಾರಿ ಮುಂದಿನ ಭಾನುವಾರದಿಂದ ಕುರ್ಚಿ ಹಾಕಿಕೊಂಡು ಕೂತು ನೋಡಲು ಶುರು ಮಾಡಿದರು.

ನಂತರ ಬಂತು ತೂಕ ಇಳಿಸುವ ಕೆಲಸ. ಕಾರು ಹಗುರವಾದಷ್ಟೂ ತಿರುವಿನಲ್ಲಿ ಚುರುಕು, ಬ್ರೇಕಿಗೂ ಶ್ರಮ ಕಡಿಮೆ. ಅಪ್ಪನಿಗೆ ಇದು ಬಲು ಇಷ್ಟದ ಕೆಲಸ, ವಿಮಾನದವರಿಗೆ ತೂಕವೇ ಶತ್ರು. ಹಿಂದಿನ ಸೀಟು ತೆಗೆದ. ಮ್ಯಾಟು, ಸ್ಟೆಪ್ನಿ, ಡಿಕ್ಕಿಯ ಒಳಗಿನ ಹಲಗೆ ಎಲ್ಲ ತೆಗೆದ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿದ್ದ ನನ್ನ ಬಾಚಣಿಗೆಯನ್ನೂ ತೆಗೆದು ಕೈಗೆ ಕೊಟ್ಟ. ಹಿಂದಿನ ಸೀಟು ನಮ್ಮ ಹಾಲಿಗೆ ಬಂತು. ಕೆ.ಆರ್. ಪುರದ ಕಡೆಯಿಂದ ಬಂದ ನಮ್ಮ ನೆಂಟರು ಅದರ ಮೇಲೆ ಸಾಲಾಗಿ ಕೂತು, "ಸೋಫಾ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಶಿವಾಜಿನಗರದಲ್ಲಿ ಎಂದಳು.

ಅಪ್ಪನ ಕಣ್ಣು ಮುಂದಿನ ಎಡಗಡೆಯ ಸೀಟಿನ ಮೇಲೆ ಬಿದ್ದಾಗಲೆಲ್ಲ ನಾನು ಓಡಿಬಂದು ಅಡ್ಡ ನಿಲ್ಲುತ್ತಿದ್ದೆ.

"ಇದ್ಯಾಕೆ? ಓಡಿಸೋಳು ನೀನೊಬ್ಳೇ," ಎನ್ನುತ್ತಿದ್ದ ಅಪ್ಪ. ಭಾಯ್ ಸ್ಪ್ಯಾನರ್ ಹಿಡಿದು ಸಿದ್ಧವಾಗಿಯೇ ಇರುತ್ತಿದ್ದರು.

"ಅದೊಂದು ಇರ್ಲಿ ಬಿಡಪ್ಪ. ಬ್ಯಾಗ್ ಇಡೋಕೆ ಬೇಕು," ಎನ್ನುತ್ತಿದ್ದೆ.

"ಬ್ಯಾಗಿಗೆ ಸೀಟಾ?" ಎಂದು ಅಪ್ಪ ಅಮ್ಮನ ಮುಖ ನೋಡುತ್ತಿದ್ದ. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಗುಟ್ಟನ್ನು ಕಾಪಾಡಲು ಅವಳು ಪಟ್ಟ ಕಷ್ಟ ಅಷ್ಟಿಷ್ಟಲ್ಲ.

ಹೊರಡುವ ಹಿಂದಿನ ದಿನ ಅಮ್ಮ ಕಾರಿಗೆ ಪೂಜೆ ಮಾಡಿದಳು. ಹಲಸೂರಿನಿಂದ ಮಾರುಗಟ್ಟಲೆ ಸೇವಂತಿಗೆ ಹೂ ತಂದು ಬಾನೆಟ್‌ಗೆ ಕಟ್ಟಿ, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಒಂದೊಂದು ಚಕ್ರದ ಒಂದೊಂದು ನಟ್ಟಿಗೂ ಬೊಟ್ಟಿಟ್ಟಳು. ಅಪ್ಪ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿಬಂದ.

"ಏನೇ ಮಾಡ್ದೆ? ಆ ನಟ್ಟೆಲ್ಲ ನಾನಿನ್ನೂ ನೋಡೇ ಇಲ್ಲ. ನೋಡ್ದೆ ಕೆಂಪು ಹಚ್ಚೋ ಹಂಗಿಲ್ಲ."

"ದೇವರು ನೋಡಿದಾನೆ ಬಿಡ್ರಿ."

"ದೇವರ ಹತ್ರ ಟಾರ್ಕ್ ಸ್ಪ್ಯಾನರ್ ಇದೆಯಾ?" ಎಂದು ಅಪ್ಪ ಹಳೆ ಬನಿಯನ್ನಿನಿಂದ ಅಷ್ಟನ್ನೂ ಒರೆಸಿದ. ಬಿಗಿ ಎಷ್ಟೆಂದು ಅಳೆದು ತೋರಿಸುವ ಆ ಸ್ಪ್ಯಾನರಿನಿಂದ ಮತ್ತೆ ಎಲ್ಲ ನಟ್ಟುಗಳನ್ನು ಬಿಗಿ ಮಾಡಿ, ನನ್ನ ಉಗುರುಬಣ್ಣದಿಂದ ಗೆರೆ ಎಳೆದ. ಅಮ್ಮ ಆ ಸಂಜೆಯೆಲ್ಲ ಅಪ್ಪನ ಜೊತೆ ಮಾತಾಡಲಿಲ್ಲ, ತಟ್ಟೆಯನ್ನು ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು. ನಾನು ಊಟ ಮುಗಿಸಿ ಬೇಗ ಮಲಗಿದೆ.

ಬೆಳಗ್ಗೆ ಎದ್ದು ಕಾರಿನ ಬಾಗಿಲು ತೆಗೆದರೆ ಎಡಗಡೆಯ ಸೀಟು ಇಲ್ಲ. ಬರೀ ತಗಡು.

"ಯಾರಪ್ಪ ಬಿಚ್ಚಿದ್ದು?" ಎಂದು ಕೂಗಿದೆ. ಎದುರು ಮನೆಯ ದೀಪ ಹತ್ತಿತು.

ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ನಗುತ್ತಾ ನಿಂತಿದ್ದ. ನಮ್ಮ ಜೊತೆ ಬರಲೆಂದು ಭಾಯ್ ಹಿಂದಿನ ಸಂಜೆಯೇ ತಂದು ನಿಲ್ಲಿಸಿದ್ದ ವ್ಯಾನಿನ ಹಿಂದೆ ಟೈರು, ಜ್ಯಾಕು, ಡಬ್ಬಿಗಳು ತುಂಬಿದ್ದವು. ಮುಂದೆ ಭಾಯ್ ಪಕ್ಕದಲ್ಲಿ ಇದ್ದದ್ದು ಒಂದೇ ಸೀಟು. ದಾರಿಯುದ್ದಕ್ಕೂ ಕಾರಿನ ಚಕ್ರಗಳ ಮೇಲೆ ಕಣ್ಣಿಡಬೇಕೆಂದು ಅಪ್ಪ ಆ ಸೀಟು ಹಿಡಿದಿದ್ದ. ತೂಕ ಹೆಚ್ಚುತ್ತದೆ, ಕಾರಿನಲ್ಲಿ ನನ್ನ ಹೊರತು ಯಾರೂ ಕೂರಕೂಡದು ಎಂದೂ ಹೇಳಿದ್ದ. ಹಾಗಾದರೆ ನಾನೇನು ಟೈರಿನ ಮೇಲೆ ಕೂರಲಾ ಎಂದು ಅಮ್ಮ ನಾನು ಮಲಗಿದ ಮೇಲೆ ಮೌನ ಮುರಿದು ರೇಗಿದ್ದಳು. ಅಪ್ಪನಿಗೆ ಅದ್ಭುತ ಉಪಾಯ ಹೊಳೆದಿತ್ತು. ಕಾರಿನ ಸೀಟು ಬಿಚ್ಚಿ ವ್ಯಾನಿನ ಹಿಂದೆ ಹಗ್ಗದಿಂದ ಕಟ್ಟಿದರೆ ಅಮ್ಮನಿಗೂ ಜಾಗ, ಕಾರಿನ ತೂಕವೂ ಇಳಿಕೆ.

"ಒಂದೇ ಕೆಲಸ, ಎರಡು ಲಾಭ," ಎಂದ. ಅಷ್ಟು ಸಂತೋಷದಲ್ಲಿದ್ದವನನ್ನು ಬೈಯುವುದು ಹೇಗೆ?

ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಾನು ಬೆಳಗ್ಗೆ ನೋಡಿದ್ದು ಕಣೇ. ನನ್ ಬಾಯಿಂದಾನೇ ಆಯ್ತು," ಎಂದಳು. ಅವಳ ಮುಖ ಸಣ್ಣಗಾಗಿತ್ತು. ಸೀಟು ಎಲ್ಲೂ ಹೋಗಿಲ್ಲ, ವ್ಯಾನಿನಲ್ಲೇ ಬರುತ್ತಿದೆ, ಅಲ್ಲಿ ಹೋಗಿ ಮತ್ತೆ ಹಾಕಿದರಾಯಿತು ಎಂದು ನಾನೇ ಸಮಾಧಾನ ಹೇಳಿದೆ. ನನಗೂ ಸಮಾಧಾನವಾಯಿತು.

ಕೆ.ಆರ್. ಪುರದ ತೂಗು ಸೇತುವೆ ದಾಟುವಾಗ ಸೂರ್ಯ ಹುಟ್ಟುತ್ತಿದ್ದ. ಖಾಲಿ ಕಾರಿನಲ್ಲಿ ಒಬ್ಬಳೇ. ತಗಡೆಲ್ಲ ಡಬ್ಬದ ಹಾಗೆ ಸದ್ದು ಮಾಡುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ವ್ಯಾನಿನಲ್ಲಿ ಅಪ್ಪ ಮುಂದಕ್ಕೆ ಬಾಗಿ ನನ್ನ ಚಕ್ರಗಳನ್ನೇ ನೋಡುತ್ತಿದ್ದ. ಅವನ ಮತ್ತು ಭಾಯ್ ತಲೆಗಳ ನಡುವೆ, ಟೈರುಗಳ ರಾಶಿಯ ಮಧ್ಯೆ, ಅಮ್ಮ ರಾಣಿಯ ಹಾಗೆ ಕೂತಿದ್ದಳು. ದಾರಿಯಲ್ಲಿ ಇಡ್ಲಿಗೆ ನಿಲ್ಲಿಸಿದಾಗ, "ಸೀಟು ಭಾರೀ ಆರಾಮಾಗಿದೆ, ವಾಪಸ್ ಕೊಡಲ್ಲ," ಎಂದಳು.

ಆ ರಾತ್ರಿ ಟ್ರ್ಯಾಕಿನ ಹತ್ತಿರದ ಲಾಡ್ಜಿನಲ್ಲಿ ಉಳಿದು ಮರುದಿನ ಟ್ರ್ಯಾಕಿಗೆ ಇಳಿದೆವು. ಬೆಳಗಿನ ಸರದಿಗಳ ಬಗ್ಗೆ ಏನು ಹೇಳಲಿ, ನನಗೆ ರೆಕ್ಕೆ ಬಂದಿತ್ತು. ಮೊದಲ ಸುತ್ತಿನಲ್ಲಿ ಹೆದರಿ ಎಲ್ಲ ಕಡೆ ಬ್ರೇಕ್ ಹಾಕಿದೆ. ಆಮೇಲೆ ಕಾರು ತಾನೇ ಹೇಳಿಕೊಡತೊಡಗಿತು. ತಿರುವಿಗೆ ಮುಂಚೆ ಗಟ್ಟಿಯಾಗಿ ಬ್ರೇಕು, ಒಳಗೆ ನಿಧಾನ, ಹೊರಗೆ ಬರುವಾಗ ಆಕ್ಸಿಲರೇಟರ್ ಮೇಲಿನ ಕಾಲು ಪೂರ್ತಿ ಕೆಳಗೆ. ಎಷ್ಟು ಸಲ ಒತ್ತಿದರೂ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಹೆಲ್ಮೆಟ್ಟಿನೊಳಗೆ ನಾನು ಜೋರಾಗಿ ಹಾಡುತ್ತಿದ್ದೆ, ಯಾರಿಗೂ ಕೇಳುತ್ತಿರಲಿಲ್ಲ.

ಪ್ರತಿ ಸರದಿ ಮುಗಿಸಿ ಬಂದಾಗ ಅಪ್ಪ ಟಾರ್ಚ್ ಹಿಡಿದು ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡುತ್ತಿದ್ದ. ನಾನು ಓಡಿಸುವಾಗ ಗೋಡೆಯ ಪಕ್ಕ ನಿಂತು ತಲೆ ಓರೆ ಮಾಡಿ ಕೇಳುತ್ತಿದ್ದನಂತೆ. "ಆ ಕಡೇ ತಿರುವಲ್ಲಿ ಗೇರ್ ಬೇಗ ಬದಲಾಯಿಸ್ತಾ ಇದೀಯ. ಎಂಜಿನ್ ಇನ್ನೂ ಬೇಕು ಅಂತ ಕೇಳ್ತಾ ಇತ್ತು," ಎಂದ. ಸರಿಯಾಗಿಯೇ ಹೇಳಿದ್ದ. ಅವನು ನೆಲದ ಮೇಲೆ ನಿಂತು ಕೇಳುವುದರಲ್ಲಿ ಪಳಗಿದವನು ಎಂದು ನೆನಪಾಗಿ ನನಗೆ ಇನ್ನಷ್ಟು ಅವಸರವಾಯಿತು.

ಮಧ್ಯಾಹ್ನ ಪುಳಿಯೋಗರೆ ತಿಂದ ಮೇಲೆ ವಿಷಯ ತೆಗೆದೆ. "ಅಪ್ಪಾ, ಕೊನೇ ಸರದೀಲಿ ನೀನು ನನ್ ಪಕ್ಕ ಕೂತ್ಕೋಬೇಕು. ಅದಕ್ಕೇ ಇಷ್ಟೆಲ್ಲ ಮಾಡಿದ್ದು."

ಅಪ್ಪ ಕೈ ತೊಳೆಯುತ್ತಿದ್ದವನು ಹಾಗೇ ನಿಂತ. ನೀರು ಸುರಿದುಹೋಗುತ್ತಲೇ ಇತ್ತು. "ನಾನಾ?" ಎಂದ.

"ಮತ್ಯಾರು?"

ಅವನ ಮುಖ ಒಮ್ಮೆ ಅರಳಿತು, ನಾನು ಕಣ್ಣಾರೆ ಕಂಡೆ. ಆಮೇಲೆ ಬಾಡಿತು. "ಸೀಟಿನ ಬೋಲ್ಟು ಇಲ್ವಲ್ಲಮ್ಮ. ಬಿಸಾಕ್ದೆ."

ಕಾರ್ಖಾನೆಯಲ್ಲಿ ಒಮ್ಮೆ ಬಿಚ್ಚಿದ ನಟ್ಟು ಬೋಲ್ಟನ್ನು ಇವನ ಕೈಯಲ್ಲಿ ಮತ್ತೆ ಯಾರೂ ಪಾಸ್ ಮಾಡಿಸುವ ಹಾಗಿರಲಿಲ್ಲ. ಬಿಚ್ಚಿದ್ದು ಗುಜರಿಗೆ, ಹಾಕುವುದು ಹೊಸದು. ಹಾಗೆಂದು ಸೀಟಿನ ನಾಲ್ಕೂ ಬೋಲ್ಟುಗಳನ್ನು ಬಿಚ್ಚಿದ ಕೈಯಲ್ಲೇ ಕಸದ ಬುಟ್ಟಿಗೆ ಹಾಕಿದ್ದ. ಪ್ರಪಂಚದಲ್ಲಿ ಬೇರೆ ಯಾರಾದರೂ ಹೀಗೆ ಮಾಡುತ್ತಿದ್ದರೇ? ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಭಾನುವಾರ ಬೇರೆ, ಹೆದ್ದಾರಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಭಾಯ್ ವ್ಯಾನಿನ ಹತ್ತಿರ ಹೋಗಿ ಮುಂದಿನ ಸೀಟಿನ ಕೆಳಗೆ ತಲೆ ಹಾಕಿದರು. ಸ್ವಲ್ಪ ಹೊತ್ತಿಗೆ ನಾಲ್ಕು ಬೋಲ್ಟುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದರು. ಅಪ್ಪ ಕೂತುಬಂದ ಸೀಟಿನವು.

"ಅಳತೆ ಒಂದೇ, ಸಾಬ್. ಹಾಕಿ ನೋಡಿದೆ," ಎಂದರು.

ಅಪ್ಪ ಕೈ ಮುಂದೆ ಚಾಚಲಿಲ್ಲ. "ಬಿಚ್ಚಿದ ಬೋಲ್ಟು ಭಾಯ್. ನಾನು ಪಾಸ್ ಮಾಡಲ್ಲ."

ಅಕ್ಕಪಕ್ಕದ ಕಾರುಗಳು ಒಂದೊಂದಾಗಿ ಕೊನೆಯ ಸರದಿಗೆ ಸಾಲು ನಿಲ್ಲುತ್ತಿದ್ದವು. ಆಗ ಅಮ್ಮ ಎದ್ದಳು.

"ಪಾಸ್ ಮಾಡಲ್ಲ ಅಂದ್ರೆ ಏನ್ರೀ? ನೋಡಿದ್ರಾ ಅದನ್ನ? ನೋಡ್ದೆ ಕೆಂಪು ಹಚ್ಚೋ ಹಂಗಿಲ್ಲ ಅಂತ ನನ್ನ ಕುಂಕುಮ ಒರೆಸಿದ್ರಿ. ನೋಡ್ದೆ ಬೇಡ ಅನ್ನೋ ಹಂಗಿದೆಯಾ?"

ಅಪ್ಪ ಅಮ್ಮನನ್ನು ನೋಡಿದ. ಆಮೇಲೆ ಭಾಯ್ ಅಂಗೈಯಿಂದ ಬೋಲ್ಟುಗಳನ್ನು ತೆಗೆದುಕೊಂಡ. ಕನ್ನಡಕ ಹಾಕಿ, ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, ಎಳೆಗಳನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿದ. "ಪರವಾಗಿಲ್ಲ. ಚೆನ್ನಾಗೇ ಇವೆ," ಎಂದ ಮೆಲ್ಲಗೆ. ನಾನು, ಭಾಯ್ ಸೀಟು ಹೊತ್ತುಕೊಂಡು ಓಡಿದೆವು.

ಸೀಟು ಕೂತಿತು, ಬೆಲ್ಟು ಕೂತಿತು, ನಾಲ್ಕು ಬೋಲ್ಟುಗಳನ್ನೂ ಅಪ್ಪನೇ ಬಿಗಿ ಮಾಡಿದ. ಗೆರೆ ಎಳೆಯಲು ಉಗುರುಬಣ್ಣದ ಸೀಸೆ ತೆಗೆದರೆ ಕುಂಚ ಒಣಗಿ ಕಡ್ಡಿಯಾಗಿತ್ತು. ಮುಚ್ಚಳ ಹಾಕುವುದನ್ನು ಮರೆತದ್ದು ನಾನೋ ಅವನೋ ಗೊತ್ತಿಲ್ಲ. ಅಪ್ಪ ಸೀಸೆ ಹಿಡಿದುಕೊಂಡು ಅತ್ತಿತ್ತ ನೋಡಿದ. ಗೆರೆಯಿಲ್ಲದೆ ಅವನು ಹತ್ತುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಕೊನೆಗೆ ಅಮ್ಮನ ಕಡೆ ತಿರುಗಿ, "ಆ ಕುಂಕುಮ ಇದೆಯೇನೇ?" ಎಂದ.

ಅಮ್ಮ ವ್ಯಾನಿಟಿ ಬ್ಯಾಗಿನಿಂದ ಕುಂಕುಮದ ಭರಣಿ ತೆಗೆದಳು. ತಲೆಗೆ ಹಚ್ಚುವ ಎಣ್ಣೆಯ ಪುಟ್ಟ ಸೀಸೆಯಿಂದ ಎರಡು ಹನಿ ಬಿಟ್ಟು ಕಲಸಿ, ಭರಣಿಯ ಮುಚ್ಚಳದಲ್ಲಿ ಕೊಟ್ಟಳು. ಅಪ್ಪ ಬೆಂಕಿಕಡ್ಡಿಯ ತುದಿಯಿಂದ ನಾಲ್ಕು ಬೋಲ್ಟುಗಳಿಗೂ ನೇರವಾಗಿ ಗೆರೆ ಎಳೆದ. ಉಳಿದ ಕುಂಕುಮವನ್ನು ಏನು ಮಾಡುವುದೆಂದು ತಿಳಿಯದೆ ತನ್ನ ಹಣೆಗೇ ಇಟ್ಟುಕೊಂಡ. ಅದರ ಮೇಲೆ ಹೆಲ್ಮೆಟ್ ಹಾಕಿದ.

ಆ ಸುತ್ತುಗಳನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಮೊದಲ ತಿರುವಿನಲ್ಲಿ ಅಪ್ಪನ ಕೈ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು. ಎರಡನೆಯದರಲ್ಲಿ ಬಿಟ್ಟಿತು. ಉದ್ದನೆಯ ನೇರ ರಸ್ತೆಗೆ ಬಂದು ನಾನು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಅವನು ತಲೆ ಓರೆ ಮಾಡಿ ಕೇಳಿದ. ಕಿವಿಗೆ ಹತ್ತಿರದಲ್ಲೇ ಇತ್ತು ಎಂಜಿನ್ನು. ಕೈಯೆತ್ತಿ ಇನ್ನೂ, ಇನ್ನೂ ಎಂದು ಸನ್ನೆ ಮಾಡಿದ. ಜೀವನವಿಡೀ ಸ್ಕೂಟರನ್ನು ಎಡಗಡೆ ಅಂಚಿನಲ್ಲೇ ಓಡಿಸಿದ ನನ್ನ ಅಪ್ಪ. ಕೊನೆಯ ತಿರುವಿನಲ್ಲಿ ನಾನು ಗೇರ್ ಬದಲಾಯಿಸದೆ ಹಿಡಿದಿಟ್ಟುಕೊಂಡೆ, ಅವನು ತೊಡೆ ತಟ್ಟಿ ನಕ್ಕ. ಅಷ್ಟು ದೊಡ್ಡದಾಗಿ ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಬಂದು ನಿಲ್ಲಿಸಿದಾಗ ಅಪ್ಪ ಬೆಲ್ಟು ಬಿಚ್ಚಲಿಲ್ಲ. ಹೆಲ್ಮೆಟ್ ಮಾತ್ರ ತೆಗೆದ. ಕುಂಕುಮ ಹಣೆಯಿಂದ ಹುಬ್ಬಿನವರೆಗೆ ಹರಡಿತ್ತು, ಕಣ್ಣುಗಳು ಒದ್ದೆಯಾಗಿದ್ದವು.

ಭಾಯ್ ಕಿಟಕಿಗೆ ಬಗ್ಗಿ, "ಏನ್ ಸಾಬ್, ಬೆಳಗ್ಗೆಗಿಂತ ಗಾಡಿ ಸ್ವಲ್ಪ ನಿಧಾನ ಆಯ್ತಲ್ಲ? ಲೋಡ್ ಜಾಸ್ತಿ," ಎಂದು ಕಿಚಾಯಿಸಿದರು.

"ಇರ್ಬೇಕಲ್ಲ ಭಾಯ್," ಎಂದ ಅಪ್ಪ. "ಮರಳ್ ಚೀಲ ಕೂತಿತ್ತು."

ಆಮೇಲೆ ಬಗ್ಗಿ ಟಾರ್ಚ್ ಹಚ್ಚಿ, ತನ್ನ ಸೀಟಿನ ಕೆಳಗಿನ ನಾಲ್ಕು ಗೆರೆಗಳನ್ನು ಒಂದೊಂದಾಗಿ ನೋಡಿದ. ಒಂದೂ ಮುರಿದಿರಲಿಲ್ಲ.

"ಇಳೀರಿ ಈಗ," ಎಂದು ಅಮ್ಮ ಬಾಗಿಲು ತೆಗೆದಳು. "ಇಲ್ಲೀತನಕ ಆ ಸೀಟಲ್ಲಿ ಬಂದೋಳು ನಾನು."

ಸರದಿ ಮುಗಿಯಲು ಇನ್ನೂ ಸ್ವಲ್ಪ ಸಮಯವಿತ್ತು. ಅಪ್ಪ ಇಳಿದು, ಹೆಲ್ಮೆಟ್ಟಿನ ಪಟ್ಟಿಯನ್ನು ಅಮ್ಮನ ಗಲ್ಲದ ಕೆಳಗೆ ತಾನೇ ಕಟ್ಟಿ, ಎಳೆದು ನೋಡಿ, ಸರಿಯಿದೆ ಎಂದು ತಲೆಯಾಡಿಸಿದ.